ಪಿಂಚಣಿಯ ಋಣವೂ ತಲೆಮಾರುಗಳೂ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಹಿಟ್ಟಿನ ಗಿರಣಿಯನ್ನಿಟ್ಟುಕೊಂಡಿರುವ ಗೃಹಸ್ಥನೊಬ್ಬನು ತಿಂಗಳಿಗೆ ಸಾವಿರ ಯೂನಿಟ್ ವಿದ್ಯುತ್ತನ್ನು ಬಳಸುವನೆಂದಿಟ್ಟುಕೊಂಡರೆ, 2025ರ ಏಪ್ರಿಲಿನಿಂದ ಮೊದಲ ಒಂದು ವರ್ಷ ಅವನ ಪ್ರತಿ ಬಿಲ್ಲಿನಲ್ಲಿ 360 ರೂಪಾಯಿ ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಉಪದಾನಗಳ ಬಾಬ್ತಿಗೆ ಸಲ್ಲುವಂತಾಯಿತು. ಆ ಹೊಣೆಯಲ್ಲಿ ಸರ್ಕಾರದ ಪಾಲೆನಿಸಿದ್ದ ಭಾಗವನ್ನು ಬಳಕೆದಾರರಿಂದಲೇ ವಸೂಲು ಮಾಡಿಕೊಳ್ಳಲು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಅನುಮತಿಯಿತ್ತು, ಯೂನಿಟ್ಟಿಗೆ ಮೊದಲ ವರ್ಷ 36 ಪೈಸೆ, ಅನಂತರದ ಎರಡು ವರ್ಷಗಳಲ್ಲಿ ಕ್ರಮವಾಗಿ 35 ಮತ್ತು 34 ಪೈಸೆ ಎಂದು ಗೊತ್ತುಮಾಡಿತು. ಈ ಊರಿಗೆ ಸಮೀಪದಲ್ಲಿಯೇ ಇರುವ ಶಿವನಸಮುದ್ರದಿಂದ, ಜನರು ಬ್ಲಫ್ ಎಂದು ಕರೆಯುವ ಸ್ಥಾನದಿಂದ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1940ರಲ್ಲಿ ಶಿಂಷಾ ಕೇಂದ್ರವೂ ಕೂಡಿಕೊಂಡಿತು. ತಂತಿ ಎಳೆದವರ, ಕಂಬ ಹತ್ತಿದವರ ದುಡಿಮೆಯ ಫಲವನ್ನುಂಡವರು ಅಂದಿನ ಬಳಕೆದಾರರು. ಆ ದುಡಿಮೆಯ ಬೆಲೆಯಲ್ಲಿ ಪಿಂಚಣಿಯೆಂಬ ಅಂಶವನ್ನು ಅಂದೇ ದರದಲ್ಲಿ ಸೇರಿಸಿ ಪ್ರತ್ಯೇಕವಾಗಿ ಕೂಡಿಟ್ಟಿದ್ದರೆ ಇಂದಿನ ಗಿರಣಿಯವನಿಗೆ ಈ ಬಾಕಿ ಬರುತ್ತಿರಲಿಲ್ಲ. ಸಾರ್ವಜನಿಕ ಸೇವೆಯ ನಿವೃತ್ತಿವೇತನವನ್ನು ಕುರಿತ ನ್ಯಾಯವಿಚಾರವೆಲ್ಲವೂ, ಅದೆಷ್ಟು ಗಹನವಾಗಿ ಬೆಳೆದಿದ್ದರೂ, ಈ ಒಂದು ಬಾಕಿಯ ಸುತ್ತಲೇ ಸುತ್ತುತ್ತದೆ.

ಪೂರ್ವದಲ್ಲಿ ಪಿಂಚಣಿಯೆಂಬುದು ಪ್ರಭುವಿನ ಪ್ರಸಾದವಾಗಿತ್ತು. ಆದರೆ ಮೈಸೂರು ಸಂಸ್ಥಾನದಲ್ಲಿ ಇನ್ನೊಂದು ಧಾರೆಯೂ ಉಂಟು. 1891ರಲ್ಲಿಯೇ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಸರ್ಕಾರಿ ನೌಕರರಿಗಾಗಿ ಜೀವವಿಮೆಯ ವ್ಯವಸ್ಥೆಯೊಂದು ಸ್ಥಾಪಿತವಾಯಿತು. ಇಂದಿಗೂ ಗುಮಾಸ್ತರೂ ಉಪಾಧ್ಯಾಯರೂ ಕೆ.ಜಿ.ಐ.ಡಿ. ಎಂದು ಹೇಳುವುದು ಅದರ ಸಂತತಿಯನ್ನೇ. ವೇತನದಿಂದ ಕಂತನ್ನು ಹಿಡಿದು, ಹಿಡಿದದ್ದನ್ನು ಲೆಕ್ಕವಿಟ್ಟು, ಆಪತ್ತಿಗೆ ಒದಗಿಸುವ ಈ ಪದ್ಧತಿಯು ದುಡಿಯುವವನೇ ತನ್ನ ಕುಟುಂಬದ ನಾಳೆಗೆ ಇಂದು ಒಂದಂಶವನ್ನು ಎತ್ತಿಡಬೇಕೆಂಬ ತತ್ತ್ವವನ್ನು ಅಂಗೀಕರಿಸಿತ್ತು. ಪಿಂಚಣಿಯ ವಿಷಯದಲ್ಲಿ ಮಾತ್ರ ಈ ತತ್ತ್ವವು ಒಳಹೋಗಲಿಲ್ಲ. 1958ರ ಸೇವಾ ನಿಯಮಾವಳಿಯ ಅನ್ವಯ ಪೂರ್ಣಾವಧಿ ಸೇವೆ ಸಲ್ಲಿಸಿದವನು ಕೊನೆಯ ವೇತನದ ಸುಮಾರು ಅರ್ಧವನ್ನು ಯಾವ ವಂತಿಗೆಯೂ ಇಲ್ಲದೆ ಪಡೆಯುವ ವ್ಯವಸ್ಥೆಯು ಕಾಲಕ್ರಮದಲ್ಲಿ ನೆಲೆಗೊಂಡಿತು. ಅದಕ್ಕೆ ನಿಧಿಯಿರಲಿಲ್ಲ, ಆ ವರ್ಷದ ಕಂದಾಯವೇ ಆ ವರ್ಷದ ಪಿಂಚಣಿಗೆ ಆಧಾರ. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಿಂಚಣಿಯು ಕೃಪೆಯಲ್ಲ, ಸಲ್ಲಿಸಿದ ಸೇವೆಯಿಂದ ಹುಟ್ಟಿದ ಹಕ್ಕು ಎಂದು ಸಾರಿ, ನಿವೃತ್ತಿಯ ತಾರೀಖೊಂದನ್ನು ಗೆರೆಯಾಗಿಟ್ಟು ಪಿಂಚಣಿದಾರರನ್ನು ಎರಡು ಪಂಗಡ ಮಾಡಿದುದನ್ನು ರದ್ದುಗೊಳಿಸಿತು. ಹಕ್ಕಿನ ವಿಚಾರ ಇತ್ಯರ್ಥವಾಯಿತು. ಹಕ್ಕುಳ್ಳವನಿಗೆ ತೆರಬೇಕಾದ ಸಾಲಗಾರನು ಯಾವ ತಲೆಮಾರಿನವನೆಂಬ ಪ್ರಶ್ನೆಯು ಆ ನ್ಯಾಯಾಲಯದ ಮುಂದೆ ಬಂದಿರಲೂ ಇಲ್ಲ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಪಾಶ್ಚಾತ್ಯ ಅರ್ಥಶಾಸ್ತ್ರಜ್ಞರೂ ತತ್ತ್ವಜ್ಞರೂ. 1958ರಲ್ಲಿ ಸ್ಯಾಮ್ಯುಯಲ್‌ಸನ್ ಒಂದರ ಮೇಲೊಂದು ಹಾಯ್ದು ಬರುವ ತಲೆಮಾರುಗಳ ಮಾದರಿಯನ್ನು ಕಟ್ಟಿ, ಜನಸಂಖ್ಯೆಯು ವೃದ್ಧಿಸುತ್ತಿರುವವರೆಗೆ ಕಿರಿಯರು ಹಿರಿಯರಿಗೆ ಕೊಟ್ಟು, ತಾವು ಮುಂದಿನವರಿಂದ ಪಡೆಯುವ ಏರ್ಪಾಡು ಎಲ್ಲರಿಗೂ ಲಾಭಕರವಾಗಬಲ್ಲುದೆಂದು ತೋರಿಸಿದನು. ಈ ‘ವರೆಗೆ’ ಎಂಬ ನಿಬಂಧನೆಯನ್ನು ಆಡಳಿತಗಾರರು ಸುಲಭವಾಗಿ ಮರೆತರು. 1971ರಲ್ಲಿ ರಾಲ್ಸ್ ತನ್ನ ನ್ಯಾಯಸಿದ್ಧಾಂತದಲ್ಲಿ, ತಾನು ಯಾವ ತಲೆಮಾರಿನಲ್ಲಿ ಹುಟ್ಟುವೆನೆಂದು ತಿಳಿಯದವನು ಎಷ್ಟು ಉಳಿತಾಯವನ್ನು ಒಪ್ಪುವನೋ ಅಷ್ಟೇ ನ್ಯಾಯ್ಯವೆಂದು ವಾದಿಸಿದನು. 1991ರ ವೇಳೆಗೆ ಆವರ್‌ಬಾಕ್, ಗೋಖಲೆ, ಕಾಟ್ಲಿಕಾಫ್ ಇವರು ಪ್ರತಿ ತಲೆಮಾರಿನ ಹೆಸರಿನಲ್ಲಿಯೂ ಖಾತೆ ತೆರೆದು ಕೊಟ್ಟದ್ದೆಷ್ಟು, ಕೊಂಡದ್ದೆಷ್ಟು ಎಂದು ಲೆಕ್ಕ ಹಾಕುವ ಕ್ರಮವನ್ನು ರೂಢಿಗೆ ತಂದರು. ಆದರೆ ನಮ್ಮ ವಿವಾದಕ್ಕೆ ಎಲ್ಲರಿಗಿಂತಲೂ ಹೆಚ್ಚು ಉಪಯುಕ್ತನಾದವನು 1981ರ ಮಸ್ಗ್ರೇವ್ ಎಂದು ನನ್ನ ಭಾವನೆ. ಪಿಂಚಣಿಯ ಮೊತ್ತವನ್ನು ಸ್ಥಿರಗೊಳಿಸಿದರೆ ಕಾಲಗತಿಯ ಏರುಪೇರೆಲ್ಲವೂ ದುಡಿಯುವವರ ತಲೆಯ ಮೇಲೆ ಬೀಳುತ್ತದೆ. ವಂತಿಗೆಯನ್ನು ಸ್ಥಿರಗೊಳಿಸಿದರೆ ಅದೇ ಏರುಪೇರು ಮುದುಕರ ಮೇಲೆ ಬೀಳುತ್ತದೆ. ಇವರಿಬ್ಬರ ವರಮಾನಗಳ ಪ್ರಮಾಣವನ್ನು ಸ್ಥಿರಗೊಳಿಸಿದರೆ ಮಾತ್ರ ನಷ್ಟವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ ಎಂಬುದು ಅವನ ಸರಳವಾದ, ಆದರೆ ಯಾವ ಪಕ್ಷಕ್ಕೂ ಹಿತವಾಗದ ನಿರ್ಣಯ.

ನಮ್ಮ ದೇಶವು ಮೊದಲನೆಯ ದಾರಿಯಿಂದ ನೇರವಾಗಿ ಎರಡನೆಯದಕ್ಕೆ ನೆಗೆಯಿತು. ನೆಗೆಯುವ ಮುನ್ನ ಮೂರನೆಯದರ ನೆರಳಾದರೂ ಕಣ್ಣಿಗೆ ಬಿದ್ದಿತ್ತು. 2001ರಲ್ಲಿ ಕೇಂದ್ರವು ನೇಮಿಸಿದ ತಜ್ಞರ ಸಮಿತಿಗೆ ಅಧ್ಯಕ್ಷರಾಗಿದ್ದವರು ಕರ್ನಾಟಕದ ಮುಖ್ಯ ಕಾರ್ಯದರ್ಶಿಗಳಾಗಿದ್ದ ಬಿ. ಕೆ. ಭಟ್ಟಾಚಾರ್ಯರು, ಆ ಸಮಿತಿಯು ವಂತಿಗೆಯನ್ನೂ ನಿಶ್ಚಿತ ಪಿಂಚಣಿಯನ್ನೂ ಬೆರೆಸಿದ ಮಿಶ್ರಪದ್ಧತಿಯನ್ನು ಸೂಚಿಸಿತು. ಅದನ್ನು ಬದಿಗಿರಿಸಿ, 2004ರ ಜನವರಿ 1ರಿಂದ ಕೇಂದ್ರದ ಹೊಸ ನೌಕರರಿಗೆ ಕೇವಲ ವಂತಿಗೆಯ ವ್ಯವಸ್ಥೆ ಜಾರಿಯಾಯಿತು; ಕರ್ನಾಟಕವು 2006ರ ಏಪ್ರಿಲ್ 1ರಿಂದ ಅದನ್ನನುಸರಿಸಿತು. ಒಂದೇ ಪ್ರೌಢಶಾಲೆಯಲ್ಲಿ, ಒಂದೇ ಗಂಟೆ ಪಾಠ ಹೇಳುವ ಇಬ್ಬರು ಮೇಷ್ಟರುಗಳಲ್ಲಿ ಮಾರ್ಚಿನಲ್ಲಿ ಸೇರಿದವರಿಗೆ ಕೊನೆಯ ವೇತನದ ಅರ್ಧದ ಭರವಸೆ. ಏಪ್ರಿಲಿನಲ್ಲಿ ಸೇರಿದವರ ಮೂಲವೇತನ ಮತ್ತು ತುಟ್ಟಿಭತ್ಯೆ ಕೂಡಿ 50,000 ರೂಪಾಯಿಯಾದರೆ ತಿಂಗಳಿಗೆ 5,000 ಕಡಿತ, ಕೊನೆಗೆ ಎಷ್ಟು ಬರುವುದೆಂಬುದು ಪೇಟೆಯ ಕೈಯಲ್ಲಿ. ತಾರೀಖಿನ ಗೆರೆಯನ್ನು ನ್ಯಾಯಾಲಯ ಅಳಿಸಿದ ಕಾಲು ಶತಮಾನದೊಳಗೇ ಅದಕ್ಕಿಂತ ಆಳವಾದ ಗೆರೆಯೊಂದು ಬಿದ್ದಿತು. ಸೇರುವಾಗಲೇ ಷರತ್ತು ತಿಳಿದಿತ್ತು ಎಂಬ ಸಮರ್ಥನೆಯು ಕಾನೂನಿಗೆ ಸಾಕಾದೀತು, ಕೊಠಡಿಯಲ್ಲಿ ಕೂತ ಇಬ್ಬರಿಗೆ ಸಾಲದು. ಖಜಾನೆಗೂ ಕೂಡಲೇ ಸುಖವಾಗಲಿಲ್ಲ; ಹಳಬರಿಗೆ ಪಿಂಚಣಿ, ಹೊಸಬರ ಖಾತೆಗೆ ಸರ್ಕಾರದ ವಂತಿಗೆ ಎಂದು ಅದು ಏಕಕಾಲಕ್ಕೆ ಎರಡು ತಲೆಮಾರುಗಳಿಗೆ ತೆರಬೇಕಾಯಿತು.

ಅಸಮಾಧಾನವು 2023ರ ಮಾರ್ಚ್ 1ರಂದು ರಾಜ್ಯದ ಸರ್ಕಾರಿ ನೌಕರರು ಹೂಡಿದ ಮುಷ್ಕರದಲ್ಲಿ ಬಹಿರಂಗವಾಯಿತು. ಸರ್ಕಾರವು ಶೇಕಡ 17ರ ಮಧ್ಯಂತರ ಪರಿಹಾರವಿತ್ತು ಪಿಂಚಣಿಯ ವಿಷಯವನ್ನು ಸಮಿತಿಗೆ ಒಪ್ಪಿಸಿತು. 2006ರ ಏಪ್ರಿಲಿಗೆ ಮುನ್ನವೇ ಅಧಿಸೂಚನೆ ಹೊರಟು ಆಮೇಲೆ ನೇಮಕವಾದ ಸುಮಾರು 13,000 ಮಂದಿಯನ್ನು 2024ರ ಜನವರಿಯ ಆದೇಶವು ಹಳೆಯ ಪದ್ಧತಿಗೆ ಸೇರಿಸಿತು. ಆ ವೇಳೆಗೆ ರಾಜಸ್ಥಾನ, ಹಿಮಾಚಲ ಮೊದಲಾದ ರಾಜ್ಯಗಳು ಹಿಂದಕ್ಕೆ ಮರಳುವ ನಿರ್ಧಾರ ಕೈಗೊಂಡಿದ್ದವು. ಕೇಂದ್ರವು 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯನ್ನು ತಂದು, 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಮೂಲವೇತನದ ಸರಾಸರಿಯಲ್ಲಿ ಅರ್ಧವನ್ನು ಖಚಿತಪಡಿಸಿತು. ನೌಕರನ ವಂತಿಗೆಯನ್ನೂ ಉಳಿಸಿಕೊಂಡು ಸರ್ಕಾರದ ಪಾಲನ್ನು ಶೇಕಡ 18.5ಕ್ಕೆ ಏರಿಸಿತು. ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಸುತ್ತುಬಳಸಿನ ಅನಂತರ ಭಟ್ಟಾಚಾರ್ಯ ಸಮಿತಿಯ ಬಾಗಿಲಿಗೇ ಬಂದು ನಿಂತಂತಾಯಿತು. ಆದರೂ ಇದು ಮಸ್ಗ್ರೇವನ ಹಂಚಿಕೆಯಲ್ಲ. ಮೊತ್ತ ಸ್ಥಿರವಾಗಿದೆ, ನಿಧಿಗೆ ಕೊರತೆ ಬಿದ್ದರೆ ತುಂಬಬೇಕಾದವನು ನಾಳಿನ ತೆರಿಗೆದಾರನೇ.

ಈ ವಾಙ್ಮಯದಲ್ಲೆಲ್ಲ ಒಂದು ಲೋಪವುಂಟು. ಹಿರಿಯ ನೌಕರ, ಕಿರಿಯ ನೌಕರ ಎಂಬ ಇಬ್ಬರನ್ನಷ್ಟೇ ತಕ್ಕಡಿಯಲ್ಲಿಟ್ಟು ತೂಗುವ ಶಾಸ್ತ್ರಕಾರರು, ಇಬ್ಬರ ಪಿಂಚಣಿಗೂ ತೆರಿಗೆಯ ಮೂಲಕ ಕೊಡುವ, ತನಗೆ ಪಿಂಚಣಿಯೇ ಇಲ್ಲದ ಮೂರನೆಯವನನ್ನು ಕಡೆಗಣಿಸುತ್ತಾರೆ. ಜೀವಮಾನವೆಲ್ಲ ಕಬ್ಬು ಕಡಿದ ಕೂಲಿಯವಳಿಗೆ ಅರವತ್ತೈದು ತುಂಬಿದ ಮೇಲೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಿಂದ ದೊರೆಯುವುದು ತಿಂಗಳಿಗೆ 1,200 ರೂಪಾಯಿ. ಸೋಪೂ ಬೆಂಕಿಪೆಟ್ಟಿಗೆಯೂ ಕೊಳ್ಳುವಾಗ ಆಕೆ ತೆತ್ತ ತೆರಿಗೆಗೆ ಯಾವ ತಲೆಮಾರಿನ ಖಾತೆಯಲ್ಲಿಯೂ ಪ್ರತ್ಯೇಕ ಕಲಮಿಲ್ಲ. ತಲೆಮಾರುಗಳೊಳಗಣ ನ್ಯಾಯವನ್ನು ಬಿಟ್ಟು ತಲೆಮಾರುಗಳ ನಡುವಣ ನ್ಯಾಯವನ್ನು ನಿರ್ಣಯಿಸಹೊರಟದ್ದೇ ಈ ಶಾಸ್ತ್ರದ ದೌರ್ಬಲ್ಯವೆಂದು ತೋರುತ್ತದೆ.

2006ರಲ್ಲಿ ಇಪ್ಪತ್ತೈದರ ವಯಸ್ಸಿನಲ್ಲಿ ಸೇರಿದ ಉಪಾಧ್ಯಾಯಿನಿಯು ಅರವತ್ತು ತುಂಬಿ ನಿವೃತ್ತಳಾಗುವುದು 2041ರಲ್ಲಿ. ಅಲ್ಲಿಯ ತನಕ ಹೊಸ ಪದ್ಧತಿಯಲ್ಲಿ ನಿವೃತ್ತರಾಗುವವರಲ್ಲಿ ಹೆಚ್ಚಿನವರು ತಡವಾಗಿ ಸೇರಿ ಅಲ್ಪಕಾಲ ದುಡಿದವರೇ ಆಗಿರುವುದರಿಂದ, ಅವರ ಕೈಗೆ ಬಂದ ಅಲ್ಪಮೊತ್ತವನ್ನು ತೋರಿಸಿ ಪದ್ಧತಿಯನ್ನೇ ಹಳಿಯುವುದೂ ಸರಿಯಲ್ಲ, ಪೇಟೆಯ ಒಳ್ಳೆಯ ವರ್ಷಗಳನ್ನು ತೋರಿಸಿ ಹೊಗಳುವುದೂ ಸರಿಯಲ್ಲ. ಪೂರ್ಣಾವಧಿಯ ಮೊದಲ ಲೆಕ್ಕ ಕೈಗೆ ಸಿಗುವಾಗ ಅದರ ಕೊರತೆಯನ್ನು ತುಂಬುವ ಹೊಣೆಯವರು ಇಂದು ಬೆಳಕವಾಡಿಯ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದಾರೆ; ಮುಷ್ಕರದಲ್ಲಿ ಅವರ ಪಕ್ಷವಿರಲಿಲ್ಲ, ಸಮಿತಿಯಲ್ಲಿಯೂ ಇಲ್ಲ.