ಬಿಳಿ ಕಸದ ಬೀಜಕ್ಕೆ ಸುದ್ದಿ ಕೊಡೋರು ಯಾರು?

ಜೋಳದ ಬುಡದಾಗ ಬಿಳಿ ಕಸ ಹೂ ಬಿಟ್ಟಿದೆ, ಏನು ಮಾಡೋಣ ಅಂತ ಈ ವಾರ ನಾಲ್ಕೈದು ಮಂದಿ ಫೋಟೋ ಕಳಿಸಿದ್ದೀರಿ. ಕಬ್ಬಿನವರೂ ಅದನ್ನೇ ಕೇಳ್ತಿದ್ದಾರೆ. ಪುಸ್ತಕದಲ್ಲಿ ಇದಕ್ಕೆ ಸ್ಟ್ರೈಗಾ ಅಂತಾರೆ. ಇದರ ಇತಿಹಾಸ ಸ್ವಲ್ಪ ಹೇಳ್ತೀನಿ, ಉತ್ತರ ಅದರೊಳಗೇ ಐತಿ.

1956ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮೆಕ್ಕೆಜೋಳ ಬಾಡಿ ಕುಗ್ಗುತ್ತಿತ್ತು. ಅಲ್ಲಿಯವರಿಗೆ ಕಾರಣ ತಿಳಿಯಲಿಲ್ಲ. ಬುಡದಲ್ಲಿದ್ದ ಸಣ್ಣ ಗಿಡವನ್ನು ಗುರುತಿಸಿದ್ದು ಅಲ್ಲಿ ಓದಲು ಹೋಗಿದ್ದ ಭಾರತದ ಒಬ್ಬ ವಿದ್ಯಾರ್ಥಿ. ಇಲ್ಲಿ ಅದನ್ನು ನೋಡಿದ್ದವರಿಗೆ ಅದೇನು ಹೊಸದಲ್ಲ. ಹುಡುಕುತ್ತಾ ಹೋದಂತೆ ಎರಡು ಕೆರೊಲಿನಾ ರಾಜ್ಯಗಳಲ್ಲಿ 4 ಲಕ್ಷ ಎಕರೆಗೂ ಹೆಚ್ಚು ಜಮೀನಿನಲ್ಲಿ ಅದು ಸಿಕ್ಕಿತು. ಸರ್ಕಾರ ದಿಗ್ಬಂಧನ ಹಾಕಿತು. ಆ ಹೊಲದ ಮಣ್ಣು, ಯಂತ್ರ ಯಾವುದೂ ಸ್ವಚ್ಛ ಮಾಡದೆ ಹೊರಗೆ ಹೋಗುವಂತಿರಲಿಲ್ಲ. ಕಸ ಬೀಜ ಕಟ್ಟದಂತೆ ಔಷಧಿ ಹೊಡೆದರು. ಮುಂದೆ ಮಣ್ಣಿನೊಳಗೆ ಎಥಿಲೀನ್ ಗ್ಯಾಸ್ ಬಿಟ್ಟರು. ಹಣ್ಣು ಮಾಗಿಸೋ ಗ್ಯಾಸ್ ಅದೇ. ಅದು ತಾಗಿದರೆ ಬೀಜ ಬೆಳೆ ಇಲ್ಲದಿದ್ದರೂ ಮೊಳೆಯುತ್ತದೆ, ಹಿಡಿಯಲು ಬೇರು ಸಿಗದೆ ಕೆಲವೇ ದಿನದಲ್ಲಿ ಸಾಯುತ್ತದೆ. ಹತ್ತಾರು ವರ್ಷ ಬಿಡದೆ ದುಡಿದು ಆ ಲಕ್ಷಗಳನ್ನು ಕೆಲವೇ ಸಾವಿರ ಎಕರೆಗೆ ಇಳಿಸಿದರು.

ಹೊಲದಲ್ಲಿ ಬೀಜಕ್ಕೆ ಏಳು ಅಂತ ಹೇಳೋರು ಯಾರು? ಬೆಳೆಯ ಬೇರೇ. 1966ರಲ್ಲಿ ವಿಜ್ಞಾನಿಗಳು ಬೇರಿನಿಂದ ಒಸರುವ ಆ ವಸ್ತುವನ್ನು ಬೇರ್ಪಡಿಸಿ ಸ್ಟ್ರೈಗಾಲ್ ಅಂತ ಹೆಸರಿಟ್ಟರು. ಅದು ಸಿಕ್ಕಿದ್ದು ಹತ್ತಿಯ ಬೇರಿನಲ್ಲಿ. ಹತ್ತಿಗೆ ಈ ಕಸ ಹತ್ತೋದೇ ಇಲ್ಲ! ಹಾಗಾದರೆ ಗಿಡ ತನ್ನ ವೈರಿಯನ್ನು ತಾನೇ ಯಾಕೆ ಕರೀತದೆ? ಇದಕ್ಕೆ ಉತ್ತರ ಬರಲು 2005 ಆಗಬೇಕಾಯ್ತು. ಜಪಾನಿನ ವಿಜ್ಞಾನಿಗಳು ತೋರಿಸಿದ್ದು ಇಷ್ಟು: ಗಿಡ ಕರೆಯೋದು ವೈರಿಯನ್ನಲ್ಲ, ಬೇರಿಗೆ ರಂಜಕ ತಂದುಕೊಡುವ ಮಣ್ಣಿನ ಶಿಲೀಂಧ್ರವನ್ನು. ಬಿಳಿ ಕಸ ಆ ಕರೆಯನ್ನು ಕದ್ದು ಕೇಳ್ತದೆ. ಮಣ್ಣಿನಲ್ಲಿ ರಂಜಕ ಕಡಿಮೆ ಆದಷ್ಟೂ ಬೇರಿನ ಕರೆ ಜೋರಾಗ್ತದೆ. ಸಾರ ಸತ್ತ ಹೊಲದಲ್ಲೇ ಈ ಕಸದ ಹಾವಳಿ ಹೆಚ್ಚು ಯಾಕೆ ಅನ್ನೋದು ಈಗ ತಿಳೀತಲ್ಲ?

ನಮಗೆ ಗ್ಯಾಸ್ ಬಿಡೋದು ಆಗದ ಮಾತು. ಆದರೆ ಹತ್ತಿ, ಶೇಂಗಾ, ಅಲಸಂದಿ ಬೇರುಗಳು ಅದೇ ಕೆಲಸ ಪುಕ್ಕಟೆ ಮಾಡ್ತಾವ. ಬೀಜವನ್ನು ಎಬ್ಬಿಸ್ತಾವ, ಹಿಡಿಯಲು ಬಿಡೋದಿಲ್ಲ. ಜೋಳದ ಮೇಲೆ ಜೋಳ ಹಾಕದೆ ಪೀಕು ಬದಲಿಸೋ ಹಿರಿಯರ ಪದ್ಧತಿಗೆ ಇದೂ ಒಂದು ಆಧಾರ. ಜೊತೆಗೆ ಕೊಟ್ಟಿಗೆ ಗೊಬ್ಬರ ಬೇಕು, ಮಣ್ಣು ಪರೀಕ್ಷೆ ನೋಡಿ ರಂಜಕ, ಸಾರಜನಕ ಕೊಡಬೇಕು. ಒಂದೇ ವರ್ಷದಲ್ಲಿ ಕಸ ಹೋಗ್ತದೆ ಅಂತ ಮಾತ್ರ ತಿಳೀಬ್ಯಾಡ್ರಿ.

ಈಗ ಕೀಳೋ ವಿಷಯ. ಕಸ ಕಣ್ಣಿಗೆ ಬೀಳೋ ಮೊದಲೇ ವಾರಗಟ್ಟಲೆ ನೆಲದೊಳಗೆ ಬೇರು ಹೀರಿರ್ತದೆ. ಇವತ್ತು ಕಿತ್ತರೆ ಈ ವರ್ಷದ ನಷ್ಟ ಪೂರ್ತಿ ವಾಪಸ್ ಬರೋದಿಲ್ಲ. ಆದರೂ ಕೀಳಲೇಬೇಕು. ಒಂದು ಗಿಡದಲ್ಲಿ 50,000ಕ್ಕೂ ಹೆಚ್ಚು ಬೀಜ ಆಗಬಹುದು, ಅವು ಮಣ್ಣಿನಲ್ಲಿ 10 ವರ್ಷವಾದರೂ ಜೀವ ಹಿಡಿದಿರ್ತಾವ. ಹೂ ಬಿಡೋ ಮೊದಲೇ ಕಿತ್ತರೆ ಚಲೋ. ಹೂ ಬಿಟ್ಟಿದ್ದರೆ ಬದುವಿಗೆ ಒಗೀಬ್ಯಾಡ್ರಿ, ಸುಟ್ಟುಬಿಡ್ರಿ.

ಕೊನೆಯದಾಗಿ, ಅಮೆರಿಕದಲ್ಲಿ ಕೆಲಸ ಆದದ್ದು ಬರೀ ಗ್ಯಾಸಿನಿಂದಲ್ಲ. ಪ್ರತಿ ಹೊಲವನ್ನೂ ಲೆಕ್ಕಕ್ಕೆ ತಗೊಂಡರು. ನಮ್ಮಲ್ಲಿ ಬಾಡಿಗೆ ಟ್ರ್ಯಾಕ್ಟರ್, ಕಟಾವು ಯಂತ್ರ ಒಂದು ಹೊಲದಿಂದ ಇನ್ನೊಂದಕ್ಕೆ ಮಣ್ಣು ಮೆತ್ತಿಕೊಂಡೇ ಹೋಗ್ತಾವ. ಬೀಜವೋ ಧೂಳಿನಷ್ಟು ಸಣ್ಣದು. ಬದು ದಾಟೋ ಮೊದಲು ಮಣ್ಣು ಕೆರೆದು ತೆಗೆಸ್ರಿ. ಬಾಜು ಹೊಲದವರಿಗೂ ಇದನ್ನು ಓದಿಸ್ರಿ.