ಕನ್ಸೆಂಟ್ ಫಾರ್ಮಿನ ಹಿಂದಿನ ಇತಿಹಾಸ: ಕಾಕ್ಲಿಯರ್ ಇಂಪ್ಲಾಂಟ್ ಮತ್ತು ನಮ್ಮ ಭಯ

ಈ ಸಲದ ವಿಷಯ ಕಿವಿ. ಕೇಳೋಕೆ ಆಗದವರಿಗೂ ಪೂರ್ತಿ ತಲುಪಲಿ ಅಂತ ಈ ಬರಹರೂಪವನ್ನ ಎಂದಿಗಿಂತ ಸ್ವಲ್ಪ ಹೆಚ್ಚು ಎಚ್ಚರದಿಂದ ಮಾಡಿದ್ದೀನಿ.

ಕಳೆದ ತಿಂಗಳು ಒಂದು ರಾತ್ರಿ ಎರಡು ಗಂಟೆಗೆ ನಮ್ಮಕ್ಕನ ವಾಟ್ಸಾಪ್ ಬಂತು. ಆಸ್ಪತ್ರೆಯವರು ಕೊಟ್ಟಿದ್ದ ಕನ್ಸೆಂಟ್ ಫಾರ್ಮಿನ ಫೋಟೊ. ಕೆಳಗೆ ಒಂದೇ ಸಾಲು: "ಇದನ್ನ ಓದಿ ನಾನು ಹೆಂಗೋ ಸೈನ್ ಮಾಡ್ಲಿ?"

ಅಕ್ಕನ ಮಗಳಿಗೆ ಈಗ ಎರಡು ವರ್ಷ. ಎರಡೂ ಕಿವಿ ಕೇಳಲ್ಲ. ತಿಂಗಳುಗಟ್ಟಲೆ ಹಿಯರಿಂಗ್ ಏಡ್ ಹಾಕಿ ನೋಡಿದ್ದಾಯ್ತು, ಪ್ರಯೋಜನ ಆಗಲಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಬಹುದು ಅಂದರು ಡಾಕ್ಟರು. ಫಾರ್ಮಿನಲ್ಲಿ ಇದ್ದದ್ದು ಇಷ್ಟು: ಮುಖದ ನರಕ್ಕೆ ಪೆಟ್ಟಾಗಬಹುದು, ನಾಲಿಗೆಯ ರುಚಿ ಬದಲಾಗಬಹುದು, ತಲೆಸುತ್ತು ಬರಬಹುದು, ಸೋಂಕು, ಮೆನಿಂಜೈಟಿಸ್, ಉಳಿದಿರುವ ಅಲ್ಪಸ್ವಲ್ಪ ಶ್ರವಣವೂ ಹೋಗಬಹುದು, ಸಾಧನ ಕೆಟ್ಟು ಮತ್ತೆ ಆಪರೇಷನ್ ಬೇಕಾಗಬಹುದು.

ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದರೆ ಈ ಪಾಡ್‌ಕಾಸ್ಟ್‌ನಲ್ಲಿ ನಾನು ಮಾಡೋದು ಒಂದೇ ಕೆಲಸ, ಯಾವ ವಿಷಯ ಎಲ್ಲಿಂದ ಶುರುವಾಯ್ತು ಅಂತ ಹುಡುಕೋದು. ಹಾಗಾಗಿ ಆ ಫಾರ್ಮನ್ನೂ ಹಾಗೇ ಓದೋಕೆ ಕೂತೆ. ಆಗ ಗೊತ್ತಾಯ್ತು, ಅದರ ಒಂದೊಂದು ಸಾಲಿನ ಹಿಂದೆಯೂ ಒಂದು ಇಸವಿ ಇದೆ, ಒಬ್ಬ ಮನುಷ್ಯ ಇದ್ದಾನೆ.

ಮೊದಲು ಹೆದರಿದ್ದು ವೋಲ್ಟಾ

ಬ್ಯಾಟರಿ ಕಂಡುಹಿಡಿದ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಗೊತ್ತಲ್ಲ? ನಮ್ಮ 'ವೋಲ್ಟ್' ಅವನ ಹೆಸರೇ. ಅವನು ತನ್ನ ಎರಡೂ ಕಿವಿಗೆ ಲೋಹದ ಕಡ್ಡಿ ಇಟ್ಕೊಂಡು, ತನ್ನದೇ ಬ್ಯಾಟರಿಗೆ ಜೋಡಿಸಿಬಿಟ್ಟ. ತಲೆಯೊಳಗೆ ಒಂದು ಹೊಡೆತ ಬಿದ್ದ ಹಾಗಾಯ್ತು. ಆಮೇಲೆ ಏನೋ ಗಟ್ಟಿಯಾದ್ದು ಕುದೀತಿರೋ ಥರ ಸದ್ದು. ನಮ್ಮ ಲೆಕ್ಕದಲ್ಲಿ ರಾಗಿ ಅಂಬಲಿ ಕೊತಕೊತ ಅಂತಲ್ಲ, ಹಾಗೆ ಅಂತ ಇಟ್ಕೊಳ್ಳಿ. 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ ಪತ್ರದಲ್ಲಿ ಇದನ್ನೆಲ್ಲ ಬರೆದ. ಮೆದುಳಿಗೆ ಅಪಾಯ ಆಗಬಹುದು ಅನ್ನಿಸಿ ಪ್ರಯೋಗವನ್ನ ಮತ್ತೆ ಮಾಡಲಿಲ್ಲ ಅಂತಲೂ ಬರೆದ.

ಅಂದ್ರೆ ಕಿವಿಗೆ ಕರೆಂಟ್ ಕೊಟ್ಟರೆ ಸದ್ದು ಕೇಳುತ್ತೆ ಅಂತ ಮೊದಲು ತಿಳಿದ ಮನುಷ್ಯನೇ ಅದಕ್ಕೆ ಮೊದಲು ಹೆದರಿದವನು. ಅಕ್ಕನಿಗೆ ಇದನ್ನ ಹೇಳಿದಾಗ, "ಸರಿ ಬಿಡು, ನಾನೊಬ್ಳೇ ಅಲ್ಲ" ಅಂದಳು.

ಪ್ಯಾರಿಸ್, 1957

ಸುಮಾರು ನೂರೈವತ್ತು ವರ್ಷ ಆದಮೇಲೆ ಪ್ಯಾರಿಸ್‌ನಲ್ಲಿ ಆಂದ್ರೆ ಜೂರ್ನೊ ಅನ್ನೋ ವಿಜ್ಞಾನಿ ಮತ್ತು ಶಾರ್ಲ್ ಏರಿಯೆಸ್ ಅನ್ನೋ ಕಿವಿ ಸರ್ಜನ್ ಜೊತೆಯಾದರು. ಕಿವಿಯ ಕಾಯಿಲೆಯಿಂದ ಎರಡೂ ಕಡೆ ಪೂರ್ತಿ ಕಿವುಡಾಗಿದ್ದ ಒಬ್ಬ ರೋಗಿ ಅವರ ಬಳಿ ಇದ್ದರು. ಅವರ ಮುಖದ ನರವೂ ಹಾಳಾಗಿತ್ತು, ಅದನ್ನ ಸರಿ ಮಾಡೋಕೆ ಹೇಗೂ ಆಪರೇಷನ್ ಆಗಬೇಕಿತ್ತು. ಆ ಜಾಗ ತೆರೆದಾಗಲೇ ಒಂದು ಪುಟ್ಟ ತಂತಿಸುರುಳಿಯನ್ನ ಒಳಗಿಟ್ಟು ಶ್ರವಣ ನರಕ್ಕೆ ಮುಟ್ಟಿಸಿದರು. 1957ರ ಫೆಬ್ರುವರಿ 25.

ರೋಗಿಗೆ ಸದ್ದು ಕೇಳಿಸಿತು. ಜೀರುಂಡೆ ಕೂಗಿದ ಹಾಗೆ ಅಂತ ವಿವರಿಸಿದರು. ಅಭ್ಯಾಸ ಮಾಡಿ ಕೆಲವು ಸಣ್ಣ ಪದಗಳನ್ನ ಗುರುತಿಸಿದರು. ಆದರೆ ಕೆಲವೇ ವಾರಗಳಲ್ಲಿ ಸಾಧನ ಕೆಟ್ಟಿತು. ಎರಡನೆಯದು ಹಾಕಿದರು, ಅದೂ ಕೆಟ್ಟಿತು.

"ಸಾಧನ ಕೆಟ್ಟು ಮತ್ತೆ ಆಪರೇಷನ್ ಬೇಕಾಗಬಹುದು" ಅನ್ನೋ ಸಾಲಿನ ಮೊದಲ ಉದಾಹರಣೆ ಇದು. ಆ ಸಾಲು ಇವತ್ತಿಗೂ ಸುಳ್ಳಲ್ಲ. ಆದರೆ ಆಗ ವಾರಗಳ ಲೆಕ್ಕದಲ್ಲಿ ಕೆಟ್ಟಿದ್ದು ಈಗ ವರ್ಷಗಳ, ದಶಕಗಳ ಲೆಕ್ಕಕ್ಕೆ ಬಂದಿದೆ.

ದೇಹ ಒಪ್ಪದೇ ಹೋದಾಗ

ಪ್ಯಾರಿಸ್ಸಿನ ಸುದ್ದಿ ಅಮೆರಿಕಕ್ಕೆ ಹೋಗಿದ್ದು ಒಂದು ಪತ್ರಿಕಾ ವರದಿಯಿಂದ. ಲಾಸ್ ಏಂಜಲೀಸ್‌ನ ಸರ್ಜನ್ ವಿಲಿಯಂ ಹೌಸ್‌ಗೆ ಅದನ್ನ ತಂದು ತೋರಿಸಿದ್ದು ಅವರ ಒಬ್ಬ ರೋಗಿ. 1961ರಲ್ಲಿ ಹೌಸ್ ತಂಡ ಆಪರೇಷನ್ ಮಾಡಿತು. ಸದ್ದೇನೋ ಕೇಳಿಸಿತು, ಆದರೆ ಒಳಗಿಟ್ಟ ವಸ್ತುವನ್ನ ದೇಹ ಒಪ್ಪಲಿಲ್ಲ. ತೆಗೆಯಬೇಕಾಯ್ತು. ಹೌಸ್ ಸುಮಾರು ಎಂಟು ವರ್ಷ ಸುಮ್ಮನಿದ್ದು, ದೇಹ ಸಹಿಸಿಕೊಳ್ಳೋ ವಸ್ತುಗಳು ಬಂದಮೇಲೆ ಜ್ಯಾಕ್ ಅರ್ಬನ್ ಅನ್ನೋ ಎಂಜಿನಿಯರ್ ಜೊತೆ ಮತ್ತೆ ಶುರು ಮಾಡಿದರು.

ಆ ಕಾಲದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೇ ವಿರೋಧಿಸಿದರು. ಶ್ರವಣ ನರದಲ್ಲಿ ಸಾವಿರಾರು ಎಳೆಗಳಿವೆ, ಒಂದೆರಡು ತಂತಿಯಿಂದ ಮಾತು ಹೇಗೆ ಅರ್ಥ ಆದೀತು? ಕರೆಂಟ್ ಕೊಟ್ಟು ಕೊಟ್ಟು ನರವೇ ಸತ್ತರೆ? ಪ್ರಶ್ನೆಗಳು ನ್ಯಾಯವಾದವೇ. ಕೊನೆಗೆ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಹೊರಗಿನವರ ಕೈಲಿ ಪರೀಕ್ಷೆ ಮಾಡಿಸಿತು. ನಮ್ಮ ಕಾಮರ್ಸ್ ಭಾಷೆಯಲ್ಲಿ ಎಕ್ಸ್‌ಟರ್ನಲ್ ಆಡಿಟ್. ರಾಬರ್ಟ್ ಬಿಲ್ಗರ್ ತಂಡ 13 ಜನರನ್ನ ಪರೀಕ್ಷಿಸಿ 1977ರಲ್ಲಿ ವರದಿ ಕೊಟ್ಟಿತು. ಬರೀ ಇಂಪ್ಲಾಂಟಿನಿಂದ ಮಾತು ಅರ್ಥ ಆಗ್ತಿಲ್ಲ, ಆದರೆ ತುಟಿ ನೋಡಿ ಮಾತು ತಿಳಿಯೋದು ಸುಲಭ ಆಗಿದೆ, ಜೀವನ ಸುಧಾರಿಸಿದೆ ಅಂತ. ಪವಾಡವೂ ಅಲ್ಲ, ಮೋಸವೂ ಅಲ್ಲ.

ಕಡಲತೀರದ ಚಿಪ್ಪು

ಅದೇ ಹೊತ್ತಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ಇನ್ನೊಂದು ತೊಡಕಿನಲ್ಲಿದ್ದರು. ಅವರ ತಂದೆ ಔಷಧ ಅಂಗಡಿ ಇಟ್ಟಿದ್ದವರು, ಕಿವಿ ಮಂದ. ಗಿರಾಕಿಗಳ ಮುಂದೆ ಅಪ್ಪ ಪಡೋ ಕಷ್ಟ ನೋಡ್ತಾ ಬೆಳೆದ ಹುಡುಗ.

ಕಾಕ್ಲಿಯಾ ಅಂದ್ರೆ ಒಳಕಿವಿಯಲ್ಲಿರೋ, ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿರೋ ಸಣ್ಣ ನಾಳ. ಅದರ ಗೋಡೆಗೆ ಗಾಯ ಆಗದ ಹಾಗೆ ತಂತಿ ತೂರಿಸೋದು ಹೇಗೆ? 1977ರಲ್ಲಿ ರಜೆಗೆ ಸಮುದ್ರತೀರಕ್ಕೆ ಹೋಗಿದ್ದಾಗ ಕ್ಲಾರ್ಕ್ ಒಂದು ಚಿಪ್ಪು ಎತ್ಕೊಂಡು ಅದರೊಳಗೆ ಹುಲ್ಲಿನ ಗರಿಕೆ ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಸ್ವಲ್ಪ ಗಟ್ಟಿ ಇರೋ ಗರಿಕೆ ಸುತ್ತಿಕೊಂಡು ಸಲೀಸಾಗಿ ಒಳಗೆ ಹೋಯ್ತು. ಎಲೆಕ್ಟ್ರೋಡನ್ನೂ ಹಾಗೇ ಮಾಡಿದರು. ಮನುಷ್ಯರಿಗೆ ಹಾಕೋಕೆ ಮೊದಲು ವರ್ಷಗಟ್ಟಲೆ ಪ್ರಾಣಿಗಳ ಮೇಲೆ ನೋಡಿದ್ದರು.

1978ರ ಆಗಸ್ಟ್ 1ರಂದು ಮೊದಲ ಆಪರೇಷನ್ ಆಯ್ತು. ಅಪಘಾತದಲ್ಲಿ ಶ್ರವಣ ಕಳಕೊಂಡಿದ್ದ ರಾಡ್ ಸಾಂಡರ್ಸ್ ಅವರಿಗೆ. ಆಮೇಲೆ ಪರೀಕ್ಷೆಯಲ್ಲಿ ರಾಷ್ಟ್ರಗೀತೆಯ ಧಾಟಿ ಹಾಕಿದಾಗ ಅವರು ಎದ್ದು ನಿಂತರಂತೆ. ಇದಕ್ಕೆ ಕೆಲವು ತಿಂಗಳು ಮೊದಲು, 1977ರ ಡಿಸೆಂಬರ್‌ನಲ್ಲಿ, ವಿಯೆನ್ನಾದಲ್ಲಿ ಇಂಗೆಬೋರ್ಗ್ ಮತ್ತು ಎರ್ವಿನ್ ಹೋಖ್‌ಮೇರ್ ದಂಪತಿ ರೂಪಿಸಿದ ಬಹುಚಾನೆಲ್ ಸಾಧನವನ್ನೂ ಒಬ್ಬರಿಗೆ ಹಾಕಿದ್ದರು. ಅಮೆರಿಕದಲ್ಲಿ ದೊಡ್ಡವರಿಗೆ ಅಂತ ಮೊದಲು ಅನುಮತಿ ಸಿಕ್ಕಿದ್ದು 1984ರಲ್ಲಿ, ಹೌಸ್ ಸಾಧನಕ್ಕೆ. ಎರಡು ವರ್ಷ ದಾಟಿದ ಮಕ್ಕಳಿಗೆ ಅನುಮತಿ ಸಿಕ್ಕಿದ್ದು 1990ರಲ್ಲಿ.

ಅಕ್ಕ ಹೆಚ್ಚು ಹೆದರಿದ ಸಾಲು

ಅದು ಮೆನಿಂಜೈಟಿಸ್, ಮೆದುಳಿನ ಪೊರೆಗೆ ತಗಲೋ ಸೋಂಕು. ಇದನ್ನ ಹೂವಿನ ಹಾಗೆ ಹೇಳೋಕೆ ಆಗಲ್ಲ, ನೇರವಾಗೇ ಹೇಳ್ತೀನಿ.

2002ರಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡ ಕೆಲವರಿಗೆ ಮೆನಿಂಜೈಟಿಸ್ ಬಂದ ವರದಿಗಳು ಸೇರತೊಡಗಿದವು. ಅಮೆರಿಕದ ಸರ್ಕಾರಿ ತಜ್ಞರು 1997ರಿಂದ 2002ರ ನಡುವೆ, ಆರು ವರ್ಷದೊಳಗೆ ಇಂಪ್ಲಾಂಟ್ ಆದ 4,264 ಮಕ್ಕಳ ದಾಖಲೆ ತೆಗೆದು ನೋಡಿದರು. 26 ಮಕ್ಕಳಿಗೆ ಬಂದಿತ್ತು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ನ್ಯೂಮೊಕಾಕಸ್ ಬ್ಯಾಕ್ಟೀರಿಯಾದಿಂದ ಬರೋ ಮೆನಿಂಜೈಟಿಸ್ ಈ ಮಕ್ಕಳಲ್ಲಿ ಅದೇ ವಯಸ್ಸಿನ ಇತರ ಮಕ್ಕಳಿಗಿಂತ 30 ಪಟ್ಟಿಗೂ ಹೆಚ್ಚು.

"30 ಪಟ್ಟು" ಅಂದ ತಕ್ಷಣ ಎದೆ ಝಲ್ ಅನ್ನುತ್ತೆ. ಅಕ್ಕ ಆ ರಾತ್ರಿ ಗೂಗಲ್‌ನಲ್ಲಿ ಓದಿದ್ದು ಇದೇ ಸಂಖ್ಯೆ. ಆದರೆ ಕಾಮರ್ಸ್ ಓದಿದವನಿಗೆ ಒಂದು ಚಟ ಇರುತ್ತೆ, ಮೇಲಿನ ಸಂಖ್ಯೆ ನೋಡಿದ ಮೇಲೆ ಕೆಳಗಿನದನ್ನೂ ನೋಡೋದು. 4,264ರಲ್ಲಿ 26 ಅಂದ್ರೆ ಸುಮಾರು 164 ಮಕ್ಕಳಿಗೆ ಒಬ್ಬರು. ಸಣ್ಣ ಸಂಖ್ಯೆ. ಆ ಒಬ್ಬರ ಮನೆಯವರಿಗೆ ಮಾತ್ರ ಸಣ್ಣದಲ್ಲ, ಅದನ್ನೂ ಮರೀಬಾರದು.

ಮುಂದೆ ಏನಾಯ್ತು ಅನ್ನೋದು ಮುಖ್ಯ. ಒಂದು ಮಾದರಿಯಲ್ಲಿ ಎಲೆಕ್ಟ್ರೋಡನ್ನ ಒತ್ತಿ ಹಿಡಿಯೋಕೆ ಅಂತ ಹಾಕ್ತಿದ್ದ ಹೆಚ್ಚುವರಿ ತುಂಡೊಂದಿತ್ತು. ಅದಿದ್ದ ಮಕ್ಕಳಲ್ಲೇ ಅಪಾಯ ಹೆಚ್ಚು ಅಂತ ಕಂಡಿತು. 2002ರಲ್ಲೇ ಆ ಮಾದರಿಯನ್ನ ಮಾರುಕಟ್ಟೆಯಿಂದ ವಾಪಸ್ ತಗೊಂಡರು. ಇಂಪ್ಲಾಂಟ್ ಆಗೋರಿಗೆ ನ್ಯೂಮೊಕಾಕಸ್ ಲಸಿಕೆ ಹಾಕಿಸಬೇಕು, ಸಾಧ್ಯವಾದರೆ ಆಪರೇಷನ್‌ಗೆ ಎರಡು ವಾರ ಮೊದಲೇ ಮುಗಿಸಬೇಕು ಅನ್ನೋ ಸಲಹೆ ಬಂತು. ಅಪಾಯ ಸೊನ್ನೆ ಆಗಲಿಲ್ಲ. ಆದರೆ ನಾವು ಏನಾದ್ರೂ ಮಾಡಬಹುದಾದ ಅಪಾಯ ಆಯ್ತು. ನನ್ನ ಪ್ರಕಾರ ಭಯಕ್ಕೂ ಎಚ್ಚರಕ್ಕೂ ಇರೋ ವ್ಯತ್ಯಾಸ ಇದೇ.

ಮುಖದ ನರದ ಸಾಲೂ ಹಾಗೇ. ಸರ್ಜನ್ ಕಿವಿಯ ಹಿಂದಿನ ಮೂಳೆ ಕೊರೆದು, ಮುಖದ ನರ ಮತ್ತು ರುಚಿಯ ನರದ ನಡುವಿನ ಕೆಲವೇ ಮಿಲಿಮೀಟರ್ ಸಂದಿಯಿಂದ ಒಳಗೆ ಹೋಗಬೇಕು. ಅಪಾಯ ಇರೋದು ಅಲ್ಲಿ. ಅದಕ್ಕೇ ಮೈಕ್ರೋಸ್ಕೋಪ್ ಇಟ್ಕೊಂಡು ಕೆಲಸ ಮಾಡ್ತಾರೆ. ನರದ ಹತ್ತಿರ ಹೋದರೆ ಎಚ್ಚರಿಸೋ ಮಾನಿಟರ್ ಕೂಡ ಬಂದಿದೆ. "ಮಾನಿಟರ್ ಹಾಕ್ತೀರಾ?" ಅಂತ ಕೇಳೋದು ಅಧಿಕಪ್ರಸಂಗ ಅಲ್ಲ.

ಫಾರ್ಮಿನಲ್ಲಿ ಇಲ್ಲದ ಅಪಾಯ

1991ರಲ್ಲಿ ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ ಮಕ್ಕಳಿಗೆ ಇಂಪ್ಲಾಂಟ್ ಅನುಮತಿಸಿದ್ದನ್ನ ಖಂಡಿಸಿತು. ನಾವೇನು ರಿಪೇರಿ ಮಾಡಬೇಕಾದ ವಸ್ತುಗಳಾ, ನಮಗೂ ಭಾಷೆ ಇದೆ, ಬದುಕಿದೆ ಅನ್ನೋದು ಅವರ ವಾದದ ತಿರುಳು. 2000ದಲ್ಲಿ ಅದೇ ಸಂಘ ನಿಲುವು ಮೆತ್ತಗೆ ಮಾಡಿ, ಇಂಪ್ಲಾಂಟ್ ಕೂಡ ಒಂದು ದಾರಿ, ಆದರೆ ಅದೊಂದೇ ದಾರಿ ಅಲ್ಲ ಅನ್ನೋ ಕಡೆಗೆ ಬಂತು.

ಇದನ್ನ ಅಕ್ಕನಿಗೆ ಹೇಳೋಕೆ ನಾನು ಹಿಂದೆಮುಂದೆ ನೋಡಿದೆ. ಹೇಳಿದ್ದು ಒಳ್ಳೇದಾಯ್ತು. ಯಾಕಂದ್ರೆ ನಿಜವಾದ ದೊಡ್ಡ ಅಪಾಯ ಮಗು ಯಾವ ಭಾಷೆಯೂ ಇಲ್ಲದೆ ಬೆಳೆಯೋದು. ಆಪರೇಷನ್ ಆದ ಕೂಡಲೇ ಕೇಳಲ್ಲ. ಕೆಲವು ವಾರ ಬಿಟ್ಟು ಸ್ವಿಚ್ ಆನ್ ಮಾಡ್ತಾರೆ, ಆಮೇಲೆ ವರ್ಷಗಟ್ಟಲೆ ಮ್ಯಾಪಿಂಗ್, ಥೆರಪಿ. ಆ ಕಾಯೋ ಹೊತ್ತಲ್ಲಿ ಮಗು ಜೊತೆ ಸಂಜ್ಞೆಯಲ್ಲಿ ಮಾತಾಡೋಕೆ ಏನಡ್ಡಿ? ಈಗ ನಮ್ಮಮ್ಮನೂ "ಹಾಲು", "ಸಾಕು", "ಬಾ" ಸನ್ನೆ ಕಲ್ತಿದ್ದಾರೆ.

ದುಡ್ಡಿನ ಚಿಂತೆ ಇರೋರಿಗೆ ಒಂದು ಮಾತು. 2014ರಿಂದ ಕೇಂದ್ರದ ಅಡಿಪ್ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ 6 ಲಕ್ಷ ರೂಪಾಯಿವರೆಗಿನ ಇಂಪ್ಲಾಂಟ್ ಕೊಡೋ ವ್ಯವಸ್ಥೆ ಬಂತು. ಈಗಿನ ನಿಯಮ ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇರೋ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಪಕ್ಕದಲ್ಲೇ ಇದೆ ಅನ್ನೋದೂ ನೆನಪಿರಲಿ.

ಕೊನೆಗೆ

ಅಕ್ಕ ಆ ಫಾರ್ಮಿನ ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದೊಂದು ಪ್ರಶ್ನೆ ಬರೆದಳು. ಲಸಿಕೆ ಯಾವಾಗ? ಮಾನಿಟರ್ ಇದೆಯಾ? ನೀವು ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ? ಜ್ವರ ಬಂದರೆ ಯಾರಿಗೆ ಫೋನ್ ಮಾಡ್ಬೇಕು? ಮಾಡಿಸದೇ ಇದ್ದರೆ ಏನಾಗುತ್ತೆ? ಡಾಕ್ಟರು ನಲವತ್ತು ನಿಮಿಷ ಕೂತು ಉತ್ತರ ಕೊಟ್ಟರು. ಹೊರಗೆ ಬಂದು ಅಕ್ಕ ಹೇಳಿದ್ದು: "ಭಯ ಹೋಗಿಲ್ಲ ಕಣೋ. ಆದ್ರೆ ಯಾವುದಕ್ಕೆ ಹೆದರ್ತಿದ್ದೀನಿ ಅಂತ ಈಗ ಗೊತ್ತು." ಅವತ್ತೇ ಸೈನ್ ಮಾಡಿದಳು.

ಇದನ್ನ ರೆಕಾರ್ಡ್ ಮಾಡೋ ಹೊತ್ತಿಗೆ ಆಪರೇಷನ್‌ಗೆ ಇನ್ನೂ ಒಂಬತ್ತು ದಿನ ಇದೆ. ಲಸಿಕೆ ಹಾಕಿಸಿ ಆಗಿದೆ. ನನಗೂ ಹೆದರಿಕೆ ಇದೆ, ಸುಳ್ಳು ಹೇಳಲ್ಲ. ನಿಮ್ಮ ಮನೆಯಲ್ಲೂ ಇಂಥ ಫಾರ್ಮ್ ಮೇಜಿನ ಮೇಲೆ ಕೂತಿದ್ರೆ, ರಾತ್ರಿ ಎರಡು ಗಂಟೆಗೆ ಒಬ್ಬರೇ ಓದಬೇಡಿ. ಬೆಳಗ್ಗೆ ಪೆನ್ಸಿಲ್ ತಗೊಂಡು, ಮನೆಯವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓದಿ.

ಮುಂದಿನ ವಾರ ಸಿಗೋಣ. ನಮಸ್ಕಾರ.