ಕೆರೆಬೇಟೆ: ಮೀನಿಗೆ ಒಡೆಯ ಬಂದ ಕಥೆ

ಸೊರಬ, ಸಾಗರ, ಹೊಸನಗರ, ಸಿದ್ದಾಪುರದ ಸೀಮೆಯಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಕೆರೆಗಳ ನೀರು ಮೊಣಕಾಲಿಗೆ ಇಳಿಯುತ್ತದೆ. ಎಲ್ಲರೂ ಒಟ್ಟಿಗೆ ಕೆರೆಗಿಳಿದು ಮೀನು ಹಿಡಿಯುವ ಕೆರೆಬೇಟೆಯ ಕಾಲ ಅದೇ. ಬೇಕಾದ ಸಲಕರಣೆ ಒಂದೇ, ಕೂಣಿ. ಬಿದಿರು ಸೀಳಿ ಹೆಣೆದ ಬುಟ್ಟಿ ಅದು. ಬುಡ ಅಗಲ, ಮೇಲೆ ತೋಳು ತೂರುವಷ್ಟು ಬಾಯಿ. ಕದಡಿದ ನೀರಿನಲ್ಲಿ ಅದನ್ನು ಎತ್ತೆತ್ತಿ ಕೆಸರಿಗೆ ಒತ್ತುತ್ತಾ ಹೋಗಬೇಕು. ಮೀನು ಒಳಗೆ ಸಿಕ್ಕಿತೆಂದರೆ ಅದು ಬಡಿದುಕೊಳ್ಳುವುದು ಬಿದಿರಿನ ಮೂಲಕ ಅಂಗೈಗೆ ಬರುತ್ತದೆ. ಆಗ ಮೇಲಿನ ಬಾಯಿಯಿಂದ ಕೈ ಇಳಿಸಿ ಹಿಡಿಯುವುದು. ಚೇಳು ಮೀನಾದರೆ ಕಷ್ಟ. ಅದರ ಮುಳ್ಳು ಚುಚ್ಚಿದ ಕೈ ಇಡೀ ರಾತ್ರಿ ಉರಿಯುತ್ತದೆ. ನನ್ನ ಅಜ್ಜ ಹೇಳುತ್ತಿದ್ದ: "ತಮಾ, ತಲೆ ಎಲ್ಲೈತೆ ಅಂತ ಮೊದ್ಲು ಬೆರಳಲ್ಲಿ ನೋಡು, ಆಮ್ಯಾಲೆ ಹಿಡಿ."

ಮೀನು ಹಿಡಿಯುವುದರ ಬಗ್ಗೆ ನಮ್ಮ ನಾಡಿನಲ್ಲಿ ಹಳೆಯ ಬರಹವೂ ಇದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಗಾಳದ ಕೋಲು, ದಾರ, ಯಾವ ಮೀನಿಗೆ ಯಾವ ಉಂಡೆ, ಮೀನನ್ನು ಒಂದೇ ಜಾಗಕ್ಕೆ ಬರುವಂತೆ ತಿನ್ನಿಸಿ ರೂಢಿ ಮಾಡುವುದು ಹೇಗೆ ಎಂಬುದೆಲ್ಲ ಅಲ್ಲಿದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಕಳೆದ ಶತಮಾನದಲ್ಲಿ ಇದನ್ನು ಓದಿ, ಅಲ್ಲಿ ಹೆಸರಿಸಿದ ಮೀನುಗಳು ಯಾವುವೆಂದು ಗುರುತಿಸಲು ಶ್ರಮಿಸಿದರು. ಅದು ದೊರೆಯ ವಿನೋದ, ದಡದಲ್ಲಿ ಕೂತು ಕಾಯುವವನ ವಿದ್ಯೆ. ಕೂಣಿಯ ವಿದ್ಯೆಯನ್ನು ಯಾವ ದೊರೆಯೂ ಬರೆಸಿದಂತಿಲ್ಲ. ಅದು ನೀರಿಗಿಳಿದವರ ಕೈಯಲ್ಲಷ್ಟೇ ಉಳಿದು ಬಂತು. ನಾನು ಹೇಳಬೇಕಾದದ್ದು ಆ ಕೈಗಳ ಬಗ್ಗೆ.

ಆ ಕೈಗಳಿಗೆ ಸಿಗುತ್ತಿದ್ದ ಮೀನು ಕೆರೆಗೆ ಬರುತ್ತಿದ್ದುದಾದರೂ ಎಲ್ಲಿಂದ? ಮೃಗಶಿರ, ಆರಿದ್ರಾ ಮಳೆ ಹೊಡೆದು ಹಳ್ಳ ಕೆಂಪಾದಾಗ ಹೊಳೆಯ ಮೀನು ಹೊಸ ನೀರಿಗೆ ಎದುರಾಗಿ ಹತ್ತುತ್ತದೆ. ಹತ್ತುಮೀನು ಎನ್ನುವುದು ಇದಕ್ಕೇ. ಹಳ್ಳದಿಂದ ಗದ್ದೆಗೆ, ಗದ್ದೆಯ ಅಂಚಿನ ಕಾಲುವೆಗೆ, ಅಲ್ಲಿಂದ ಕೋಡಿ ಹಾದು ಕೆರೆಗೆ. ಅಲ್ಲೇ ಮೊಟ್ಟೆ, ಅಲ್ಲೇ ಮರಿ. ಕುಚ್ಚು, ಅವಲು, ಚೇಳು ಮೀನಿನಂಥವು ನೀರಿನ ಮೇಲಿನ ಗಾಳಿಯನ್ನೂ ಉಸಿರಾಡಬಲ್ಲವು. ಹಾಗಾಗಿ ಏಪ್ರಿಲ್‌ ಬಿಸಿಲಿಗೆ ಕೆರೆ ಕೆಸರಾದರೂ ಬದುಕಿರುತ್ತವೆ. ಕೂಣಿ ಹುಟ್ಟಿದ್ದೇ ಈ ಕೆಸರಿನ ಮೀನಿಗಾಗಿ. ಬಲೆ ಎಳೆದರೆ ಅವು ಕೆಸರಿಗೆ ಇಳಿದು ಅಡಗುತ್ತವೆ. ಕೂಣಿ ಅವುಗಳ ತಲೆಯ ಮೇಲೇ ಕೂರುತ್ತದೆ.

ಆ ಮೀನನ್ನು ಯಾರೂ ಬಿಟ್ಟದ್ದಲ್ಲ, ಯಾರೂ ದುಡ್ಡು ಕೊಟ್ಟು ತಂದದ್ದಲ್ಲ. ಹಾಗಾಗಿ ಅದಕ್ಕೆ ಒಡೆಯನೂ ಇರಲಿಲ್ಲ. ಊರವರು ಕೂತು ದಿನ ಗೊತ್ತುಮಾಡುತ್ತಿದ್ದರು, ಸುತ್ತಿನ ಹಳ್ಳಿಗೆ ಸುದ್ದಿ ಹೋಗುತ್ತಿತ್ತು. ಕೆರೆಗೆ ಪೂಜೆ ಆಗಿ ಸೂಚನೆ ಸಿಗುವವರೆಗೆ ಯಾರೂ ನೀರು ಮುಟ್ಟುವಂತಿರಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಇಳಿಯುವುದು. ಇದು ಯಾವ ಸೀಮೆಯ ಮಾತು ಎಂಬುದನ್ನೂ ನೆನೆಯಬೇಕು. ಭತ್ತ ಅಳೆಯುವ ಕೊಳಗದ ಅಳತೆಗಾಗಿ ಗೇಣಿದಾರರು 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ಹೂಡಿದ ಸೀಮೆ ಇದು. ಕಣದಲ್ಲಿ ಒಡೆಯರ ಕೊಳಗಕ್ಕೆ ಎದುರಾಡದ ನನ್ನ ಅಜ್ಜ ಕೆರೆಯಲ್ಲಿ ತನ್ನ ಕೂಣಿಗೆ ಬಿದ್ದ ಮೀನನ್ನು ಯಾರಿಗೂ ಅಳೆದು ಕೊಡಬೇಕಿರಲಿಲ್ಲ. ವರ್ಷದಲ್ಲಿ ಅಂಥ ದಿನ ಅದೊಂದೇ ಎಂದು ಅವನು ಹೇಳುವಾಗ ದನಿ ಏರುತ್ತಿತ್ತು. ಈ ಮಾತು ನನ್ನೊಂದಿಗೇ ಮುಗಿಯಬಾರದೆಂದು ಇಲ್ಲಿ ಬರೆದಿದ್ದೇನೆ.

ಬದಲಾವಣೆ ಶುರುವಾದದ್ದು ದೂರದ ಒಡಿಶಾದಲ್ಲಿ. ಕಟ್ಲಾ, ರೋಹು, ಮೃಗಾಲ್‌ ದೊಡ್ಡ ಹೊಳೆಗಳ ಮೀನು. ನಿಂತ ಕೆರೆಯಲ್ಲಿ ಬೆಳೆಯುತ್ತವೆ, ಮರಿ ಮಾಡುವುದಿಲ್ಲ. ಅವುಗಳ ಮರಿ ಬೇಕೆಂದರೆ ನೆರೆ ಬಂದ ಹೊಳೆಯಲ್ಲೇ ಹಿಡಿಯಬೇಕಿತ್ತು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳು ಕೊಳದಲ್ಲೇ ಮೊಟ್ಟೆ ಇಡುವಂತೆ ಮಾಡಿದರು. ಇವತ್ತಿಗೂ ಆ ದಿನವನ್ನು ಮೀನುಕೃಷಿಕರ ದಿನವೆಂದು ಆಚರಿಸುತ್ತಾರೆ. ದೊಡ್ಡ ಸಾಧನೆಯೇ ಅದು. ಬಡವರ ತಟ್ಟೆಗೆ ಮೀನು ಬಂತು, ನಮ್ಮೂರ ಸಂತೆಗೂ ಬಂತು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್‌ ಚೀಲಗಳಲ್ಲಿ ಮರಿಗಳು ಊರೂರಿನ ಕೆರೆ ಸೇರಿದವು.

ಆದರೆ ಮರಿಗೆ ದುಡ್ಡು ಹಾಕಿದವನು ಮೀನಿಗೆ ಒಡೆಯ. ಕೆರೆ ಹರಾಜಾಯಿತು, ಗುತ್ತಿಗೆಗೆ ಹೋಯಿತು. ಕೆರೆಬೇಟೆ ನಿಲ್ಲಲಿಲ್ಲ, ನಿಜ. 2024ರಲ್ಲಿ ಅದೇ ಹೆಸರಿನ ಸಿನಿಮಾ ಕೂಡ ಬಂತು. ಈಗ ಎಷ್ಟೋ ಕಡೆ ಕೂಣಿಗೆ ಇಷ್ಟು ಎಂದು ದರ ಕಟ್ಟಿ, ಬಂದ ಹಣವನ್ನು ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಬಳಸುತ್ತಾರೆ. ಅದನ್ನು ತಪ್ಪೆನ್ನಲಾರೆ. ದುಡ್ಡು ಕಟ್ಟಿದವನು ಬರಿಗೈಯಲ್ಲಿ ಮೇಲೆ ಬಂದಾಗ ಜಗಳವಾಗುತ್ತದೆ, ಅಷ್ಟೇ. ನಮ್ಮ ಹಿರಿಯರೂ ಎಷ್ಟೋ ಸಲ ಬರಿಗೈಯಲ್ಲಿ ಬಂದಿದ್ದಾರೆ. ಆಗ ಲೆಕ್ಕ ಕೇಳಲು ಎದುರಿಗೆ ಯಾರೂ ಇರಲಿಲ್ಲ.

ನನಗೆ ಹೆಚ್ಚು ನೋವಾಗುವುದು ಕೋಡಿಯ ಬಳಿ. ಬಿಟ್ಟ ಮರಿ ತಪ್ಪಿಸಿಕೊಳ್ಳಬಾರದೆಂದು ಅಲ್ಲಿ ಜಾಲರಿ ಕಟ್ಟುತ್ತಾರೆ. ಕೆರೆಯ ಮರಿ ಹೊರಗೆ ಹೋಗುವುದಿಲ್ಲ, ಹೊಳೆಯ ಮೀನು ಒಳಗೂ ಬರುವುದಿಲ್ಲ. ಮೊದಲ ಮಳೆಗೆ ಹತ್ತಿ ಬಂದ ಮೀನು ಜಾಲರಿಗೆ ಮೂತಿ ಕೊಟ್ಟು ನಿಲ್ಲುತ್ತದೆ. ಅಲ್ಲೇ ಬಲೆ ಹಿಡಿದು ಕಾದವರಿಗೆ ಮೊಟ್ಟೆ ತುಂಬಿದ ಹೊಟ್ಟೆಯೊಡನೆ ಸಿಕ್ಕಿಬಿಡುತ್ತದೆ. ಕುಚ್ಚು, ಅವಲು ಕಡಿಮೆಯಾದವು ಎಂದು ಕೊರಗುವ ಊರುಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ನಮ್ಮೂರಿಗೆ ಎರಡು ಕೆರೆ. ದೊಡ್ಡದು ಗುತ್ತಿಗೆಯಲ್ಲಿರಲಿ, ಕಟ್ಲಾ ಬೆಳೆಯಲಿ. ಚಿಕ್ಕದಕ್ಕೆ ಮರಿ ಬಿಡುವುದು ಬೇಡ, ಮೃಗಶಿರ ಹುಟ್ಟುವ ಮೊದಲೇ ಅದರ ಜಾಲರಿ ಬಿಚ್ಚಿಬಿಡೋಣ ಎಂದು ಊರಿನ ಸಭೆಯಲ್ಲಿ ಕೇಳುತ್ತಿದ್ದೇನೆ. ಒಪ್ಪಿದವರು ಕೆಲವರಿದ್ದಾರೆ. ಹಗ್ಗ ಬಿಚ್ಚುವ ಕೆಲಸ ನಾನೇ ಮಾಡುತ್ತೇನೆಂದೂ ಹೇಳಿದ್ದೇನೆ.